ಅರವತ್ತೊಂದನೇ ಪುಟದ ಹೆಂಗಸು

ಮೇ ೬

ಪ್ರೀತಿಯ ಅಮ್ಮನಿಗೆ,

ನಿನ್ನ ಮಗಳು ಮಾಡುವ ನಮಸ್ಕಾರ. ಫೋನ್ ಮಾಡಿದರೆ ನಿನಗೆ ಕೇಳಿಸುವುದಿಲ್ಲ, ಕೇಳಿಸಿದ್ದನ್ನೂ ಕೇಳಿಸಲಿಲ್ಲ ಅನ್ನುತ್ತೀಯ. ಅದಕ್ಕೇ ಕಾಗದ. ಇದರಲ್ಲಾದರೆ ನೀನು ನಡುವೆ ಬಾಯಿ ಹಾಕುವುದಕ್ಕೆ ಆಗುವುದಿಲ್ಲ.

ಲಾಂಡ್ರಿಗೆ ರಜೆ ಬಂದಿದೆ. ಬಾಯ್ಲರ್ ಬಿಚ್ಚಿ ತೊಳೆಯುವುದಕ್ಕೆ ವರ್ಷಕ್ಕೊಮ್ಮೆ ಹದಿನೈದು ದಿನ ಬಾಗಿಲು ಹಾಕುತ್ತಾರಲ್ಲ, ಅದೇ. ಹೋದ ವರ್ಷ ಮೊದಲ ಮೂರು ದಿನ ನಾನು ಬರೀ ನಿದ್ದೆ ಹೊಡೆದಿದ್ದೆ. ಈ ಸಲ ಆ ಭಾಗ್ಯವಿಲ್ಲ. ರಜೆಯ ಹಿಂದಿನ ದಿನ ಸಾಯಂಕಾಲ ನಾಲ್ಕೂ ಜನ ಮೇಲ್ವಿಚಾರಕರನ್ನು ಆಫೀಸಿಗೆ ಕರೆದು ಒಬ್ಬೊಬ್ಬರಿಗೂ ಒಂದೊಂದು ಬಟ್ಟೆ ಚೀಲ ಕೊಟ್ಟರು. ತಿನ್ನುವುದೇನೋ ಇರಬೇಕೆಂದು ಆಸೆಯಿಂದ ಕೈ ಹಾಕಿದೆ, ಸಿಕ್ಕಿದ್ದು ಮೂರು ಪುಸ್ತಕ. ರಜೆಯಲ್ಲಿ ಓದಬೇಕಂತೆ. ಓದಿ, ಮನಸ್ಸಿಗೆ ಬಹಳ ನಾಟಿದ ಒಂದು ಉದಾಹರಣೆಯ ಬಗ್ಗೆ ಒಂದು ಪುಟ ಬರೆದುಕೊಡಬೇಕಂತೆ.

ಒಂದು ಪುಸ್ತಕ ಸಂತೋಷದ ಬಗ್ಗೆ. ಬೆಳಿಗ್ಗೆ ಎದ್ದ ಕೂಡಲೇ ಕನ್ನಡಿಯ ಮುಂದೆ ನಿಂತು ನಮಗೆ ನಾವೇ ಹಲ್ಲು ಕಾಣುವ ಹಾಗೆ ನಗಬೇಕು ಅಂತ ಅದರಲ್ಲಿದೆ. ನಾನೂ ಮಾಡಿ ನೋಡಿದೆ. ಅಷ್ಟರಲ್ಲಿ ಮೊದಲ ಟ್ರಿಪ್ ಮುಗಿಸಿ ಬಂದ ನಮ್ಮವರು ಬಾಗಿಲಲ್ಲೇ ನಿಂತು, ಹಲ್ಲು ನೋವಾ ಎಂದು ಕೇಳಿದರು. ಕಂಡಕ್ಟರ್ ಕೆಲಸ ಮಾಡುವವರಿಗೆ ಸಂತೋಷ ಎಲ್ಲಿ ಅರ್ಥವಾಗಬೇಕು. ಇನ್ನೊಂದು ದುಡಿಮೆಯ ಬದುಕಿನ ಬಗ್ಗೆ. ಕೆಲಸದ ಜಾಗವನ್ನು ಮನೆಯೆಂದೇ ತಿಳಿಯಿರಿ ಅನ್ನುತ್ತದೆ. ಹನ್ನೆರಡನೇ ಪುಟಕ್ಕೆ ನಾನು ಅದರ ಮೇಲೆಯೇ ನಿದ್ದೆ ಹೋದೆ, ಅಂದರೆ ಮನೆಯೆಂದು ತಿಳಿದ ಹಾಗೆಯೇ ಆಯಿತು.

ಮೂರನೆಯದು ನಮ್ಮ ಯಜಮಾನರೇ ಬರೆದದ್ದು. ನಾಯಕತ್ವದ ಬಗ್ಗೆ, ಅವರ ಬದುಕಿನ ನಲವತ್ತು ಪಾಠಗಳು. ಇದನ್ನು ಮಾತ್ರ ಒಂದೇ ಉಸಿರಿಗೆ ಓದಿದೆ. ಅರವತ್ತೊಂದನೇ ಪುಟದಲ್ಲಿ ಒಂದು ಪ್ರಸಂಗ ಬರುತ್ತದೆ. ಬಹಳ ವರ್ಷದ ಹಿಂದೆ ಇಸ್ತ್ರಿ ವಿಭಾಗದಲ್ಲಿ ಒಬ್ಬಳು ಹೆಂಗಸಿದ್ದಳಂತೆ. ಅಕ್ಷರ ಬಾರದವಳು, ಮನೆಯಲ್ಲಿ ಮೂರು ಚಿಕ್ಕ ಮಕ್ಕಳು. ಬರೀ ಹಟಕ್ಕೆ ದಿನವೂ ಏನಾದರೊಂದು ಮಾಡಿ ಹಾಸಿಗೆ ಹಾಸುಗಳನ್ನು ಒತ್ತುವ ರೋಲರ್ ನಿಲ್ಲಿಸುತ್ತಿದ್ದಳಂತೆ. ಎಲ್ಲರೂ ಅವಳನ್ನು ತೆಗೆದುಹಾಕಿ ಅಂದರೂ ಯಜಮಾನರು ತಮ್ಮ ಕೋಣೆಗೆ ಕರೆಸಿ, ಬೈಯದೆ, ಒಂದು ಲೋಟ ನೀರು ಕೊಟ್ಟರು. ಅವಳ ಕಣ್ಣಿಂದ ದಳದಳ ನೀರು ಇಳಿಯಿತು. ನೀಲಿ ಅಂಚಿನ ತಮ್ಮ ಕರವಸ್ತ್ರವನ್ನೇ ಕೊಟ್ಟರು. ಅವಳು ಮುಖ ಒರೆಸಿಕೊಂಡು ಕ್ಷಮೆ ಬೇಡಿದಳು, ಅವರು ಕ್ಷಮಿಸಿದರು. ಆಮೇಲೆ ನಾಚಿಕೆಯಿಂದ ತಾನಾಗಿಯೇ ಕೆಲಸ ಬಿಟ್ಟು ಹೋದಳಂತೆ. ಕ್ಷಮಿಸುವವನೇ ನಾಯಕ ಎಂದು ಆ ಕಣ್ಣೀರು ನನಗೆ ಕಲಿಸಿತು ಅಂತ ಬರೆದಿದ್ದಾರೆ.

ನಾನು ಇದರ ಬಗ್ಗೆಯೇ ನನ್ನ ಪುಟ ಬರೆದೆ. ನಕಲು ಜೊತೆಗಿಟ್ಟಿದ್ದೇನೆ, ಓದು. “ಆ ಹೆಂಗಸಿನ ಜಾಗದಲ್ಲಿ ನಾನಿದ್ದಿದ್ದರೆ ಜೀವನವಿಡೀ ಆ ಕರವಸ್ತ್ರವನ್ನು ಜೋಪಾನ ಮಾಡುತ್ತಿದ್ದೆ. ಇಂಥ ಹಟಮಾರಿಗಳು ಇಂದಿಗೂ ನಮ್ಮ ನಡುವೆ ಇದ್ದಾರೆ, ಅವರನ್ನು ತಾಳ್ಮೆಯಿಂದ ತಿದ್ದಬೇಕು” ಅನ್ನುವ ಸಾಲು ನನಗೇ ಬಹಳ ಹಿಡಿಸಿತು. ನಿನ್ನೆಯೇ ಆಫೀಸಿನ ಪೆಟ್ಟಿಗೆಗೆ ಹಾಕಿ ಬಂದೆ.

ಇಷ್ಟೆಲ್ಲ ಯಾಕೆಂದರೆ, ಇಸ್ತ್ರಿಗೆಂದು ಕಟ್ಟಿದ ಹೊಸ ಹಾಲ್‌ನ ಉಸ್ತುವಾರಿ ಯಾರಿಗೆ ಅನ್ನುವುದನ್ನು ಈ ಪುಟ ನೋಡಿಯೇ ತೀರ್ಮಾನಿಸುತ್ತಾರಂತೆ. ಹದಿಮೂರು ವರ್ಷದಿಂದ ಕಾಯುತ್ತಿದ್ದೇನಮ್ಮ. ನೀನು ಮೊಣಕಾಲು ನೋವೆಂದು ಬಿಟ್ಟುಬಂದ ಜಾಗದಲ್ಲಿ ನಿನ್ನ ಮಗಳು ಉಸ್ತುವಾರಿ ಆಗುತ್ತಾಳೆ. ನಾನು ಅಲ್ಲಿ ಸೇರಿದಾಗ ನೀನು ಒಂದು ತಿಂಗಳು ಮಾತು ಬಿಟ್ಟಿದ್ದೆ. ಈಗಲಾದರೂ ಬೆನ್ನು ತಟ್ಟು.

ನಿನ್ನ ಮಗಳು


ಮೇ ೧೦

ಮಗಳೇ,

ಆಶೀರ್ವಾದ. ನಿನ್ನ ಕಾಗದ ಬಂದಾಗ ನಾನು ಕೆಳಗಿನ ದರ್ಜಿ ಅಂಗಡಿಯಲ್ಲಿ ಹದಿನೆಂಟನೇ ಅಂಗಿಗೆ ಗುಂಡಿಯ ಕಾಜಾ ಹಾಕುತ್ತಿದ್ದೆ. ಓದಿ ಮುಗಿಸಿ ಹತ್ತೊಂಬತ್ತನೆಯದನ್ನು ಕೆಡಿಸಿದೆ. ಹದಿನೈದು ವರ್ಷದಲ್ಲಿ ಇದೇ ಮೊದಲು ಎಂದು ದರ್ಜಿಗೂ ಆಶ್ಚರ್ಯ. ಜ್ವರವೇ ಎಂದು ಕೇಳಿದ. ಜ್ವರವಲ್ಲ, ಸಿಟ್ಟು ಅಂದೆ. ಅವನು ಅಂಗಿಯನ್ನು ನನ್ನ ಕೈಯಿಂದ ತೆಗೆದಿಟ್ಟ.

ಆ ಹೆಂಗಸು ನಾನು.

ಮೂರು ಮಕ್ಕಳು ಇರಲಿಲ್ಲ, ಇದ್ದವಳು ನೀನೊಬ್ಬಳು, ಅದೇ ಸಾಕುಬೇಕಾಗಿತ್ತು. ಅಕ್ಷರ ಬರುತ್ತದೋ ಇಲ್ಲವೋ ಎಂಬುದಕ್ಕೆ ಈ ಕಾಗದವೇ ಸಾಕ್ಷಿ. ಮಿಕ್ಕಿದ್ದನ್ನು ಈಗ ಹೇಳುತ್ತೇನೆ. ಇಪ್ಪತ್ತಾರು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದೆ.

ರೋಲರ್ ಬಾಯಿಯ ಮುಂದೆ ಅಡ್ಡಕ್ಕೊಂದು ಸರಳು ಇರುತ್ತದೆ, ನಿನಗೆ ಗೊತ್ತಿರುವುದೇ. ಹಾಸು ಒಳಗೆ ಬಿಡುವಾಗ ಬೆರಳು ಆ ಸರಳಿಗೆ ತಾಗಿದರೆ ಯಂತ್ರ ತಟ್ಟನೆ ನಿಲ್ಲಬೇಕು. ಅದಿರುವುದೇ ಅದಕ್ಕೆ. ಆದರೆ ಹಾಸು ಸ್ವಲ್ಪ ಮುದುಡಿಕೊಂಡು ತಾಗಿದರೂ ನಿಲ್ಲುತ್ತದೆ. ಕೆಲಸ ನಿಧಾನವಾಗುತ್ತದೆಂದು ಮೇಲ್ವಿಚಾರಕ ಅದನ್ನು ಹರಿದ ದಿಂಬಿನ ಚೀಲದ ಅಂಚಿನಿಂದ ಬಿಗಿಯಾಗಿ ಕಟ್ಟಿಬಿಡುತ್ತಿದ್ದ. ಆಗ ಏನು ತಾಗಿದರೂ ರೋಲರ್ ನಿಲ್ಲುವುದಿಲ್ಲ. ಎಲ್ಲರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು, ಎಲ್ಲರೂ ಸುಮ್ಮನಿದ್ದೆವು.

ಗಿಣಿ ಚಿಕ್ಕಮ್ಮ ನೆನಪಿದ್ದಾಳಾ? ಮಾತು ನಿಲ್ಲಿಸದವಳು ಅಂತ ನಾವೇ ಇಟ್ಟ ಹೆಸರು. ಮನೆಗೆ ಬಂದರೆ ಯಾವಾಗಲೂ ಬಲಗೈ ಸೆರಗಿನ ಮರೆಯಲ್ಲಿ, ನಿನಗೆ ಮಿಠಾಯಿ ಕೊಡುವುದು ಎಡಗೈಯಲ್ಲಿ. ಯಾಕೆ ಎಂದು ನೀನು ಕೇಳಿದಾಗ ಅವಳಿಗೆ ಅದು ಅಭ್ಯಾಸ ಅಂದಿದ್ದೆ. ಅಭ್ಯಾಸವಲ್ಲ. ಒಂದು ದಿನ ರೋಲರ್ ಮುಂದೆ ನನ್ನ ಪಕ್ಕದಲ್ಲೇ ನಿಂತಿದ್ದಳು. ಅವಳ ಬಲಗೈಯ ಎರಡು ಬೆರಳನ್ನು ರೋಲರ್ ಎಳೆದುಕೊಂಡಿತು. ಅವಳು ಕೂಗಿದ್ದನ್ನು ನಾನು ಮಾತು ಅಂದುಕೊಂಡೆ. ಮತ್ತೆ ಕೂಗಿದಾಗಲೇ ತಿರುಗಿ ನೋಡಿದ್ದು.

ಮಾರನೇ ಬೆಳಿಗ್ಗೆ ನೂಲು ಕತ್ತರಿಸುವ ಕತ್ತರಿ ತೆಗೆದುಕೊಂಡು ಆ ಕಟ್ಟನ್ನು ಕತ್ತರಿಸಿದೆ. ಸಂಜೆ ಅವರು ಕಟ್ಟಿದರು. ಬೆಳಿಗ್ಗೆ ನಾನು ಕತ್ತರಿಸಿದೆ. ಹನ್ನೊಂದು ದಿನ ಹೀಗೇ ನಡೆಯಿತು. ಹನ್ನೊಂದನೇ ದಿನ ಮಧ್ಯಾಹ್ನ ರೋಲರ್ ಪಕ್ಕದಿಂದ ನನ್ನನ್ನು ಹಾಗೇ ಯಜಮಾನನ ಕೋಣೆಗೆ ಕರೆದೊಯ್ದರು. ಆರು ಗಂಟೆ ಹೊತ್ತು ಕುದಿಯುವ ಹಬೆಯಲ್ಲಿ ನಿಂತವಳ ಮುಖ ಹೇಗಿರುತ್ತದೆಂದು ನಿನಗೆ ನಾನು ಹೇಳಬೇಕಾಗಿಲ್ಲ. ಹಣೆಯಿಂದ ಗಲ್ಲದವರೆಗೆ ನೀರು ಇಳಿಯುತ್ತಿತ್ತು. ಅದು ಬೆವರು. ತಣ್ಣನೆಯ ಕೋಣೆಯಲ್ಲಿ ಕೂತವರಿಗೆ ಹೆಂಗಸಿನ ಮುಖದ ಮೇಲೆ ನೀರು ಕಂಡರೆ ಅದು ಕಣ್ಣಿನದೇ ಆಗಿರಬೇಕು. ಕರವಸ್ತ್ರ ಕೊಟ್ಟದ್ದು ನಿಜ. ಒರೆಸಿಕೊಂಡದ್ದೂ ನಿಜ, ಉಪ್ಪು ಕಣ್ಣಿಗೆ ಇಳಿದು ಉರಿಯುತ್ತಿತ್ತು. ಒರೆಸಿ ಮೇಜಿನ ಮೇಲೆ ಇಟ್ಟೆ.

“ಕ್ಷಮಿಸಿ ಅಂತ ಒಂದು ಸಾಲು ಬರೆದುಕೊಡಮ್ಮ, ಎಲ್ಲ ಮರೆತುಬಿಡೋಣ” ಅಂದ. “ಅದನ್ನ ನಾನು ಬರೆಯಲ್ಲ” ಅಂದೆ. ಬರೆಯುವುದಿಲ್ಲ ಅಂದದ್ದು ಅವನ ನೆನಪಿನಲ್ಲಿ ಬರೆಯಲು ಬಾರದು ಅಂತ ಆಗಿರಬೇಕು. ಹಾಗಾದರೆ ನಾಳೆಯಿಂದ ಬರಬೇಡ ಅಂದ. ಬರಲಿಲ್ಲ.

ನಿನಗೇಕೆ ಹೇಳಲಿಲ್ಲವೆಂದು ಕೇಳುತ್ತೀಯ. ನಿನಗಾಗ ಹತ್ತು ವರ್ಷ. ಹನ್ನೆರಡನೇ ದಿನ ಅವರು ಕಟ್ಟಿದ್ದನ್ನು ಕತ್ತರಿಸಲು ನಾನು ಅಲ್ಲಿರಲಿಲ್ಲ. ಸೋತು ಬಂದೆ ಅನ್ನಿಸಿತು. ಸೋತದ್ದನ್ನು ಮಗಳ ಮುಂದೆ ಹೇಳಲು ನಾಲಿಗೆ ಏಳಲಿಲ್ಲ, ಮೊಣಕಾಲು ನೋವು ಅಂದೆ.

ಅವನು ನನ್ನನ್ನು ಹಟಮಾರಿ ಅನ್ನಲಿ, ನಾನು ಹಟಮಾರಿಯೇ. ಆದರೆ ನಾನು ಅಳಲಿಲ್ಲ. ಕ್ಷಮೆ ಕೇಳಲಿಲ್ಲ. ಇಷ್ಟು ನಿನಗೆ ಗೊತ್ತಿರಲಿ.

ನಿನ್ನ ಪುಟ ವಾಪಸು ಇಟ್ಟಿದ್ದೇನೆ. ನಿನ್ನ ಅಕ್ಷರ ಈಗಲೂ ಬಲಕ್ಕೆ ವಾಲುತ್ತದೆ.

ನಿನ್ನ ಅಮ್ಮ


ಮೇ ೧೩

ಅಮ್ಮ,

ನಿನ್ನ ಕಾಗದವನ್ನು ಅಡಿಗೆಮನೆಯಲ್ಲಿ ನಿಂತೇ ಓದಿದೆ. ಒಲೆಯ ಮೇಲಿದ್ದ ಹಾಲು ಉಕ್ಕಿ ಚೆಲ್ಲಿದ್ದು ಗೊತ್ತಾಗಲಿಲ್ಲ. ಮೊದಲು ಬಂದದ್ದು ನಿನ್ನ ಮೇಲೆ ಸಿಟ್ಟು. ಇಪ್ಪತ್ತಾರು ವರ್ಷ. ನಾನು ಅಲ್ಲಿ ಕೆಲಸಕ್ಕೆ ಸೇರುತ್ತೇನೆ ಅಂದ ದಿನ ಇದರಲ್ಲಿ ಕಾಲು ಭಾಗ ಹೇಳಿದ್ದರೂ ಸಾಕಿತ್ತು. ನೀನು ಮಾತು ಬಿಟ್ಟೆ. ನೀನು ಮಾತು ಬಿಟ್ಟರೆ ನಾನು ಸೋಲುವುದಿಲ್ಲ ಎಂದು ತೋರಿಸಲಿಕ್ಕೇ ನಾನು ಅಲ್ಲಿ ಹದಿಮೂರು ವರ್ಷ ಉಳಿದೆ. ಹಟ ನಿನ್ನೊಬ್ಬಳ ಆಸ್ತಿ ಅಂದುಕೊಳ್ಳಬೇಡ.

ಆಮೇಲೆ ನನ್ನ ಪುಟವನ್ನು ಮತ್ತೆ ಓದಿದೆ. ತಾಳ್ಮೆಯಿಂದ ತಿದ್ದಬೇಕಂತೆ. ನಾಚಿಕೆಯಿಂದ ಮೈಯೆಲ್ಲ ಮುಳ್ಳೆದ್ದಿತು.

ಇವತ್ತು ಆಫೀಸಿನಿಂದ ಹೇಳಿಕಳಿಸಿದ್ದಾರೆ. ನಾಲ್ಕು ಪುಟಗಳಲ್ಲಿ ನನ್ನದನ್ನೇ ಆರಿಸಿದ್ದಾರಂತೆ. ಹದಿನೆಂಟನೇ ತಾರೀಕು ಲಾಂಡ್ರಿ ತೆರೆಯುವ ದಿನ, ಎಲ್ಲರ ಮುಂದೆ ನಾನೇ ಓದಬೇಕು. ಯಜಮಾನರೂ ಬರುತ್ತಾರೆ. ಓದಿದ ಮೇಲೆ ಉಸ್ತುವಾರಿಯ ಆದೇಶವನ್ನು ಅಲ್ಲಿಯೇ ಕೈಗೆ ಕೊಡುತ್ತಾರೆ. ನಮ್ಮವರಿಗೆ ಹೇಳಿದರೆ ಅವರು ಟಿಕೆಟ್ ಚೀಲದ ಪಟ್ಟಿ ಸರಿಮಾಡಿದರು. ಆಮೇಲೆ, ಇಷ್ಟು ವರ್ಷ ಕಾದದ್ದು ನೀನು, ಬಿಡುವುದಾದರೂ ಪಡೆಯುವುದಾದರೂ ನೀನೇ ನೋಡು ಅಂದರು. ಅವರು ಹೇಳಿದ್ದು ಸರಿ, ಆದರೆ ಅದರಿಂದ ಏನೂ ಸಹಾಯವಾಗಲಿಲ್ಲ.

ಇನ್ನೊಂದು ವಿಷಯ ಇದೆ. ಅದನ್ನು ಬರೆಯದೆ ಈ ಕಾಗದ ಮುಚ್ಚಬಹುದಿತ್ತು. ಮೂರು ಸಲ ಮುಚ್ಚಿದೆ, ಮೂರು ಸಲ ತೆರೆದೆ.

ಅಮ್ಮ, ಆ ಸರಳನ್ನು ಈಗಲೂ ಕಟ್ಟುತ್ತಾರೆ. ಕಟ್ಟುವವಳು ನಾನು. ಬೆಳಿಗ್ಗೆ ಬಂದು ಹಾಜರಿ ಪುಸ್ತಕಕ್ಕೆ ಸಹಿ ಹಾಕುತ್ತೇನೆ, ಬಿಸಿಗೆ ಸಡಿಲವಾದ ಹಳೆಯ ಕಟ್ಟು ತೆಗೆದು ಹರಿದ ದಿಂಬಿನ ಚೀಲದ ಅಂಚನ್ನು ಮೂರು ಸುತ್ತು ಸುತ್ತಿ ಗಂಟು ಹಾಕುತ್ತೇನೆ, ಆಮೇಲೆ ಚಹಾ ಕುಡಿಯುತ್ತೇನೆ. ಮೇಲ್ವಿಚಾರಕಿಯ ಮೊದಲ ಕೆಲಸ ಅದು ಅಂತ ನನಗೆ ಕಲಿಸಿಕೊಟ್ಟಿದ್ದಾರೆ, ನಾನು ಕಲಿತೆ. ಆ ಸರಳು ಯಾಕಿದೆ ಎಂದು ನನಗೆ ಗೊತ್ತು. ಗೊತ್ತಿದ್ದೇ ಕಟ್ಟುತ್ತೇನೆ. ನನ್ನ ಪಾಳಿಯಲ್ಲಿ ಇದುವರೆಗೆ ಯಾರಿಗೂ ಏನೂ ಆಗಿಲ್ಲ ಎಂದು ಬರೆಯಲು ಹೊರಟಿದ್ದೆ. ಆಗದೇ ಇದ್ದದ್ದು ನನ್ನ ಜಾಣತನದಿಂದಲ್ಲ.

ಏನು ಮಾಡಲಿ ಹೇಳು.

ನಿನ್ನ ಮಗಳು


ಮೇ ೧೫

ಮಗಳೇ,

ಅಂಚೆಗೆ ಹಾಕಿದರೆ ಹದಿನೆಂಟರ ಒಳಗೆ ಮುಟ್ಟುತ್ತದೋ ಇಲ್ಲವೋ ಎಂದು ಇದನ್ನು ಅಳಿಯಂದಿರ ಬಸ್ಸಿನವರ ಕೈಯಲ್ಲಿ ಕಳಿಸುತ್ತಿದ್ದೇನೆ.

ನೀನು ಕಟ್ಟುತ್ತೀಯ ಎಂದು ಓದಿ ಕಾಗದವನ್ನು ಮಡಿಸಿ ಹೊಲಿಗೆ ಯಂತ್ರದ ಕೆಳಗಿಟ್ಟೆ. ಮಧ್ಯಾಹ್ನವಿಡೀ ಅದನ್ನು ಮುಟ್ಟಲಿಲ್ಲ. ನಿನ್ನನ್ನು ಬೈಯಲು ಎಷ್ಟೋ ಮಾತು ಬಂದವು. ಆದರೆ ಗಿಣಿಯ ಬೆರಳು ಹೋಗುವ ದಿನದವರೆಗೂ ಅದೇ ಕಟ್ಟಿನ ಮುಂದೆ ನಿಂತು ದುಡಿದವಳು ನಾನು. ಬೈಯುವ ಮುಖ ನನಗಿಲ್ಲ.

ಆ ದಿನ ಏನು ಓದುತ್ತೀಯೋ ನಿನಗೆ ಬಿಟ್ಟದ್ದು. ನನ್ನ ಮಾನ ಉಳಿಸಲು ನೀನು ಹೊಟ್ಟೆಪಾಡು ಕಳೆದುಕೊಳ್ಳಬೇಕಿಲ್ಲ. ಪುಸ್ತಕದಲ್ಲಿ ಅತ್ತವಳಾಗಿ ಇರುವುದರಿಂದ ನನ್ನ ಕಾಜಾ ಸೊಟ್ಟಗಾಗುವುದಿಲ್ಲ. ಬೇಕಾದರೆ ಓದು, ಆದೇಶ ತೆಗೆದುಕೋ, ನಾನು ಮಾತು ಬಿಡುವುದಿಲ್ಲ. ಒಂದು ಸಲ ಬಿಟ್ಟು ಕೆಟ್ಟದ್ದು ಸಾಕು.

ಕಟ್ಟನ್ನು ಮಾತ್ರ ಬಿಚ್ಚು. ಅದಕ್ಕೆ ಯಾರ ಅಪ್ಪಣೆಯೂ ಬೇಡ.

ಅಮ್ಮ


ಮೇ ೨೪

ಅಮ್ಮ,

ಬಿಚ್ಚಿದೆ. ಎಲ್ಲವನ್ನೂ ಕ್ರಮವಾಗಿ ಹೇಳುತ್ತೇನೆ, ನೀನು ಹಾರಿಸಿಕೊಂಡು ಓದಬೇಡ.

ಹದಿನೆಂಟರಂದು ಮಡಿಸುವ ಮೇಜುಗಳನ್ನು ಗೋಡೆಗೆ ಸರಿಸಿ ಕುರ್ಚಿ ಹಾಕಿದ್ದರು. ನೂರಿಪ್ಪತ್ತು ಜನ. ಯಜಮಾನರು ಮುಂದಿನ ಸಾಲಿನಲ್ಲಿ. ಈಗ ಮುದುಕರಾಗಿದ್ದಾರೆ, ಆದರೂ ಜೇಬಿನಲ್ಲಿ ಕರವಸ್ತ್ರ ನೀಟಾಗಿ ಇಣುಕುತ್ತಿತ್ತು. ಮೊದಲು ಒಬ್ಬರು ಬಂದು ಸಂತೋಷದ ಬಗ್ಗೆ ಮಾತಾಡಿದರು. ಪಕ್ಕದವರ ಕೈ ಹಿಡಿದು ನಗಿ ಅಂದರು, ನಾವೆಲ್ಲ ಹಿಡಿದು ನಕ್ಕೆವು. ನನ್ನ ಪಕ್ಕದಲ್ಲಿ ಎರಡನೇ ರೋಲರ್‌ನವಳು ಕೂತಿದ್ದಳು. ಅವಳ ಕೈ ಒರಟಾಗಿ ಬೆಚ್ಚಗಿತ್ತು. ಐದೂ ಬೆರಳು ಇವೆಯಲ್ಲ ಎಂದು ನಾನು ಎಣಿಸಿಕೊಂಡೆ. ನಿಜವಾಗಿ ಎಣಿಸಿದೆ ಅಮ್ಮ.

ಆಮೇಲೆ ನನ್ನನ್ನು ಕರೆದರು. ಮೈಕಿನ ಮುಂದೆ ನಿಂತು ಮೊದಲ ನಾಲ್ಕು ಸಾಲು ಬರೆದ ಹಾಗೆಯೇ ಓದಿದೆ. ಎಲ್ಲಿ ನಿಲ್ಲಿಸಬೇಕೆಂದು ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡಿದ್ದೆ. ಅಲ್ಲಿಗೆ ಬಂದಾಗ ಕಾಗದ ಮಡಿಸಿದೆ.

“ಇದನ್ನ ಬರೆದಾಗ ನನಗೆ ಗೊತ್ತಿರಲಿಲ್ಲ,” ಅಂದೆ. “ಅರವತ್ತೊಂದನೇ ಪುಟದ ಹೆಂಗಸು ನನ್ನಮ್ಮ. ಅವಳಿಗೆ ಓದು ಬರಹ ಬರುತ್ತೆ. ಅವಳ ಮುಖದ ಮೇಲಿದ್ದದ್ದು ಕಣ್ಣೀರಲ್ಲ, ಬೆವರು. ರೋಲರ್ ಹತ್ರ ನಿಂತು ಬಂದೋರ ಮುಖ ಹೇಗಿರುತ್ತೆ ಅಂತ ಇಲ್ಲಿರೋ ಎಲ್ರಿಗೂ ಗೊತ್ತು. ಅವಳು ಕ್ಷಮೆ ಕೇಳಲಿಲ್ಲ, ಅದಕ್ಕೇ ಅವಳನ್ನ ಕಳಿಸಿದ್ರು. ಅವಳು ಕತ್ತರಿಸ್ತಿದ್ದದ್ದು ಸರಳಿಗೆ ಹಾಕಿದ ಕಟ್ಟನ್ನ. ಆ ಕಟ್ಟನ್ನ ಈಗ ದಿನಾ ಹಾಕೋಳು ನಾನು. ಇವತ್ತಿಂದ ಹಾಕಲ್ಲ.”

ಯಾರೂ ಚಪ್ಪಾಳೆ ತಟ್ಟಲಿಲ್ಲ. ಸಿನಿಮಾದ ಹಾಗೆ ಏನೂ ಆಗಲಿಲ್ಲ. ಹಬೆಯ ಕೊಳವೆ ಹಿಂದಿನಿಂದ ಸುಯ್ ಅನ್ನುತ್ತಿತ್ತು. ಯಜಮಾನರು ಎದ್ದು ಬಂದು ನನ್ನ ಭುಜದ ಮೇಲೆ ಕೈಯಿಟ್ಟು, ತಾಯಿಯ ಮೇಲಿನ ಪ್ರೀತಿ ಎಷ್ಟು ದೊಡ್ಡದು ನೋಡಿ ಎಂದು ಎಲ್ಲರಿಗೂ ಹೇಳಿದರು. ಆಮೇಲೆ ಚಹಾ ಕೊಟ್ಟರು. ನಾನು ಸಿಟ್ಟಿನಿಂದ ಆಡಿದ್ದನ್ನು ಪ್ರೀತಿ ಅಂತ ಮಾಡಿ ಮುಗಿಸಿಬಿಟ್ಟರು. ಅವರು ಹೀಗೇ ನಿನ್ನ ಬೆವರನ್ನು ಕಣ್ಣೀರು ಮಾಡಿರಬೇಕು.

ಚಹಾ ಕುಡಿಯದೆ ನೇರವಾಗಿ ಇಸ್ತ್ರಿ ವಿಭಾಗಕ್ಕೆ ಹೋದೆ. ಮೂರು ರೋಲರ್‌ನ ಕಟ್ಟನ್ನೂ ಬಿಚ್ಚಿದೆ. ಮೂರನೆಯದರ ಗಂಟು ಎಷ್ಟು ಬಿಗಿದುಕೊಂಡಿತ್ತೆಂದರೆ ಹಲ್ಲಿನಲ್ಲಿ ಕಚ್ಚಿ ಎಳೆದೆ. ರಜೆಗೆ ಮೊದಲು ನಾನೇ ಹಾಕಿದ ಗಂಟು. ಆವತ್ತು ರೋಲರ್‌ಗಳು ನಲವತ್ತಕ್ಕಿಂತ ಹೆಚ್ಚು ಸಲ ನಿಂತವು. ಮ್ಯಾನೇಜರ್ ಬಂದು ಏನಿದು ಎಂದು ಕೇಳಿದರು. ನಿಲ್ಲಬೇಕಾದಾಗ ನಿಲ್ಲುತ್ತಿದೆ, ಅಷ್ಟೇ ಅಂದೆ. ಸಂಜೆ ಯಾರೋ ಕಟ್ಟಿದರು, ಬೆಳಿಗ್ಗೆ ನಾನು ಬಿಚ್ಚಿದೆ. ಮೂರನೇ ಬೆಳಿಗ್ಗೆ ಬಂದು ನೋಡಿದರೆ ನನಗಿಂತ ಮೊದಲೇ ಎರಡನೇ ರೋಲರ್‌ನವಳು ಬಿಚ್ಚಿ, ಅಂಚುಗಳನ್ನು ಮಡಿಸಿ ನನ್ನ ಮೇಜಿನ ಮೇಲಿಟ್ಟಿದ್ದಳು. ಐದನೇ ದಿನದಿಂದ ಯಾರೂ ಕಟ್ಟುತ್ತಿಲ್ಲ.

ಉಸ್ತುವಾರಿ ಸ್ಟೋರಿನವನಿಗೆ ಹೋಯಿತು. ಅವನು ಸಮಯಪಾಲನೆಯ ಬಗ್ಗೆ ಬರೆದಿದ್ದನಂತೆ, ಪುಟವನ್ನು ಕೊಟ್ಟದ್ದು ಎರಡು ದಿನ ತಡವಾಗಿ. ಹೊಸ ಹಾಲ್‌ನ ನಾಲ್ಕು ರೋಲರ್‌ಗಳ ಕಟ್ಟು ಹಾಗೇ ಇದೆ. ಅಲ್ಲಿಗೆ ಕೈ ಹಾಕುವ ಅಧಿಕಾರ ನನಗಿಲ್ಲ.

ಬೇಜಾರಾಯಿತೇ ಎಂದರೆ, ಆಯಿತು. ಬಚ್ಚಲಿನಲ್ಲಿ ನಲ್ಲಿ ತಿರುಗಿಸಿಕೊಂಡು ಅತ್ತೆ. ಅಳುವುದು ನಿನಗೆ ಆಗದ ಕೆಲಸವಾದರೂ ನನಗೆ ಚೆನ್ನಾಗಿ ಬರುತ್ತದೆ. ಆದರೆ ಮತ್ತೊಮ್ಮೆ ಆ ಮೈಕಿನ ಮುಂದೆ ನಿಲ್ಲಿಸಿದರೆ ಮತ್ತೆ ಅದನ್ನೇ ಹೇಳುತ್ತೇನೆ.

ನಿನ್ನ ಮಗಳು


ಜೂನ್ ೨೧

ಮಗಳೇ,

ನಿನ್ನ ಆಫೀಸಿನ ಗುಮಾಸ್ತ ನಿನ್ನೆ ನನ್ನ ಕೋಣೆಯವರೆಗೆ ಮೆಟ್ಟಿಲು ಹತ್ತಿ ಬಂದಿದ್ದ. ಪಾಪ, ಏದುಸಿರು ಬಿಡುತ್ತಿದ್ದ, ನೀರು ಕೊಟ್ಟೆ. ಅವನ ಮುಖದಲ್ಲೂ ನೀರು ಇಳಿಯುತ್ತಿತ್ತು. ಅಳುತ್ತಿದ್ದೀಯಾ ಎಂದು ಕೇಳಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು.

ನಿಮ್ಮ ಯಜಮಾನನ ಪುಸ್ತಕ ಮತ್ತೆ ಅಚ್ಚಾಗುತ್ತಿದೆಯಂತೆ. ಅರವತ್ತೊಂದನೇ ಪುಟವನ್ನು ಹೊಸದಾಗಿ ಬರೆದಿದ್ದಾರೆ. ನನಗೆ ಓದಲು ಕೊಟ್ಟ. ಈಗ ನಾನು ಧೀರ ಮಹಿಳೆ. ಕಣ್ಣೀರು ತೆಗೆದಿದ್ದಾರೆ, ಬದಲಿಗೆ ನಾನು ಮುಗುಳ್ನಕ್ಕೆನಂತೆ. ಅವನು ನನ್ನಿಂದ ಪಾಠ ಕಲಿತನಂತೆ. ನನ್ನ ಒಂದು ಫೋಟೋ ಬೇಕಂತೆ. ಕೊನೆಯ ಸಾಲು ಹೀಗಿದೆ: “ಅಂದಿನಿಂದ ಇಂದಿನವರೆಗೆ ನಮ್ಮ ಒಂದೇ ಒಂದು ರೋಲರ್‌ನ ಸರಳನ್ನೂ ನಾವು ಕಟ್ಟಿಲ್ಲ.” ಇದೆಲ್ಲ ನಿಜವೆಂದು ಕೆಳಗೆ ನಾನು ಸಹಿ ಹಾಕಬೇಕು.

ಹಾಕಿದರೆ ಹೊಸ ಹಾಲ್‌ನ ಉಸ್ತುವಾರಿಯ ವಿಷಯವನ್ನು ಮತ್ತೆ ಯೋಚಿಸುತ್ತಾರಂತೆ. ಸ್ಟೋರಿನವನಿಗೆ ಅದು ನಿಭಾಯಿಸಲು ಆಗುತ್ತಿಲ್ಲವಂತೆ. ಗುಮಾಸ್ತ ಇದನ್ನು ಗೋಡೆ ನೋಡಿಕೊಂಡು ಹೇಳಿದ.

ನಾನೊಬ್ಬಳೇ ಆಗಿದ್ದರೆ ಅವನನ್ನು ಆಗಲೇ ಮೆಟ್ಟಿಲು ಇಳಿಸುತ್ತಿದ್ದೆ. ಆದರೆ ನಿನ್ನ ಹದಿಮೂರು ವರ್ಷ ಇದೆ. ನೀನು ಬಚ್ಚಲಿನಲ್ಲಿ ಅತ್ತದ್ದನ್ನು ಓದಿದಾಗಿನಿಂದ ನನ್ನ ಮನಸ್ಸು ನೆಟ್ಟಗಿಲ್ಲ. ನೀನು ಉಸ್ತುವಾರಿಯಾದರೆ ಆ ಹಾಲ್‌ನ ಕಟ್ಟನ್ನೂ ನೀನೇ ಬಿಚ್ಚಬಹುದಲ್ಲ ಎಂದೂ ಯೋಚಿಸಿದೆ. ಒಂದು ಸಹಿ ತಾನೆ. ನನಗೆ ಅರವತ್ತೆರಡು ವರ್ಷ, ಇನ್ನು ಹಟ ಕಟ್ಟಿಕೊಂಡು ನಾನೇನು ಮಾಡಬೇಕು? ನಿನಗೋಸ್ಕರ ಹಾಕುತ್ತೇನೆ, ಸುಳ್ಳಿಗೂ ಹಾಕುತ್ತೇನೆ. ಕಾಗದವನ್ನು ಇಟ್ಟು ಹೋಗೆಂದು ಹೇಳಿ ಹತ್ತು ದಿನ ಗಡುವು ಕೇಳಿದ್ದೇನೆ.

ನಿನ್ನ ಮಾತು ಬರಲಿ. ನಿಜವಾದದ್ದನ್ನೇ ಬರಿ. ಅಮ್ಮನಿಗೆ ಏನು ಇಷ್ಟವೋ ಅದನ್ನು ಬರೆಯಬೇಡ.

ಅಮ್ಮ


ಜೂನ್ ೨೫

ಅಮ್ಮ,

ಸಹಿ ಹಾಕಬೇಡ.

ನನಗೆ ಆ ಉಸ್ತುವಾರಿ ಬೇಡ ಅಂತಲ್ಲ. ಬೇಕು. ಇವತ್ತು ಬೆಳಿಗ್ಗೆಯೂ ಆ ಹಾಲ್‌ನ ಗಾಜಿನ ಬಾಗಿಲ ಮುಂದೆ ಹಾದುಹೋಗುವಾಗ ಒಳಗಿನ ಉಸ್ತುವಾರಿಯ ಮೇಜು ನೋಡಿದೆ. ನಿಜವಾದದ್ದನ್ನು ಬರಿ ಅಂದೆಯಲ್ಲ, ಇದು ನಿಜ.

ಆದರೆ ನಿನ್ನ ಸಹಿಯ ಮೇಲೆ ಅದು ಅಚ್ಚಾಯಿತು ಅಂದುಕೋ. ನಾಳೆ ಆ ನಾಲ್ಕು ರೋಲರ್‌ನಲ್ಲಿ ಯಾರದಾದರೂ ಕೈ ಹೋದರೆ, ಕಟ್ಟುವುದೇ ಇಲ್ಲವಲ್ಲ, ಪುಸ್ತಕದಲ್ಲೇ ಇದೆಯಲ್ಲ, ಹಳೇ ಕೆಲಸದವಳೇ ಸಹಿ ಹಾಕಿದ್ದಾಳಲ್ಲ ಅನ್ನುತ್ತಾರೆ. ತಪ್ಪು ಕೈ ಕಳೆದುಕೊಂಡವಳದೇ ಆಗುತ್ತದೆ. ಗಿಣಿ ಚಿಕ್ಕಮ್ಮನಿಗೂ ಆಗ ಹಾಗೇ ಅಂದಿರಬೇಕು, ಅಲ್ಲವಾ? ಇಷ್ಟು ದಿನ ಬಟ್ಟೆಯ ಅಂಚಿನಲ್ಲಿ ಕಟ್ಟುತ್ತಿದ್ದರು, ಈಗ ನಿನ್ನ ಹೆಸರಿನಲ್ಲಿ ಕಟ್ಟಲು ನೋಡುತ್ತಿದ್ದಾರೆ. ಅದನ್ನು ಉಸ್ತುವಾರಿ ಆದರೂ ನಾನು ಬಿಚ್ಚಲಾರೆ.

ನನಗೋಸ್ಕರ ಸುಳ್ಳಿಗೂ ಸಹಿ ಹಾಕುತ್ತೇನೆ ಎಂದು ನೀನು ಬರೆದೆಯಲ್ಲ, ಆ ಸಾಲನ್ನು ನಾನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಅಷ್ಟು ಸಾಕು ನನಗೆ. ಈಗ ಮೊದಲಿನ ಹಾಗೆ ಹಟಮಾರಿಯಾಗು. ನಿನ್ನನ್ನು ಹಾಗೆ ನೋಡಿಯೇ ನನಗೆ ಅಭ್ಯಾಸ.

ನಿನ್ನ ಮಗಳು


ಜೂನ್ ೨೯

ಯಜಮಾನರಿಗೆ,

ನಮಸ್ಕಾರ. ನಿಮ್ಮ ಗುಮಾಸ್ತರು ಬಿಟ್ಟುಹೋದ ಪುಟವನ್ನು ಓದಿದೆ. ಅದನ್ನು ಇದರ ಜೊತೆ ವಾಪಸು ಕಳಿಸುತ್ತಿದ್ದೇನೆ. ಕೆಳಗಿನ ಗೆರೆಯನ್ನು ಖಾಲಿ ಬಿಟ್ಟಿದ್ದೇನೆ.

ಇಪ್ಪತ್ತಾರು ವರ್ಷದ ಹಿಂದೆ ನೀವು ನನಗೆ ಒಂದು ಸಾಲು ಬರೆದುಕೊಡು ಅಂದಿರಿ. ಆವತ್ತು ಬರೆಯಲಿಲ್ಲ. ಇವತ್ತು ನನಗೆ ಬೇಕಾದಷ್ಟು ಸಾಲು ಬರೆಯುತ್ತೇನೆ, ನಿಧಾನವಾಗಿ ಓದಿ.

ನಾನು ನಿಮ್ಮ ಕೋಣೆಯಲ್ಲಿ ಅಳಲಿಲ್ಲ. ಮುಗುಳ್ನಗಲೂ ಇಲ್ಲ. ನಿಮಗೆ ಯಾವ ಪಾಠವನ್ನೂ ಕಲಿಸಲಿಲ್ಲ. ನನ್ನ ಗೆಳತಿಯ ಎರಡು ಬೆರಳು ಹೋಗಿದ್ದವು, ಮೂರನೆಯದು ಯಾರದೂ ಹೋಗಬಾರದೆಂದು ಒಂದು ಕಟ್ಟನ್ನು ಕತ್ತರಿಸುತ್ತಿದ್ದೆ. ಇದರಲ್ಲಿ ನಾಯಕತ್ವ ಇಲ್ಲ, ಸಂತೋಷವಂತೂ ಇರಲೇ ಇಲ್ಲ. ನಿಮ್ಮ ಪುಸ್ತಕದಲ್ಲಿ ಆ ಬೆರಳಿನ ವಿಷಯ ಮೊದಲೂ ಇರಲಿಲ್ಲ, ಹೊಸ ಪುಟದಲ್ಲೂ ಇಲ್ಲ. ನನ್ನನ್ನು ಕ್ಷಮಿಸಿದ್ದೂ ನೀವೇ ಬರೆದುಕೊಂಡದ್ದು, ಈಗ ಹೊಗಳುತ್ತಿರುವುದೂ ನೀವೇ. ಎರಡೂ ನನಗೆ ಬೇಡ. ರಜೆಯಲ್ಲಿ ಕಾಲು ಚಾಚಿಕೊಂಡು ಓದುವವರ ಮನಸ್ಸು ಹಗುರವಾಗಲೆಂದು ನಾನು ಆ ಹನ್ನೊಂದು ದಿನ ಕಳೆಯಲಿಲ್ಲ. ಅರವತ್ತೊಂದನೇ ಪುಟವನ್ನು ಪೂರ್ತಿ ತೆಗೆಯಿರಿ. ನಲವತ್ತು ಪಾಠ ಮೂವತ್ತೊಂಬತ್ತಾದರೆ ಯಾರೂ ಕೇಳುವುದಿಲ್ಲ.

ನಿಮ್ಮ ಹೊಸ ಹಾಲ್‌ನಲ್ಲಿ ನಾಲ್ಕು ರೋಲರ್‌ಗಳ ಸರಳುಗಳು ಈಗಲೂ ಕಟ್ಟಿಕೊಂಡೇ ಇವೆ. ಇದನ್ನು ನನಗೆ ಯಾರು ಹೇಳಿದರೆಂದು ಹುಡುಕುವ ಕಷ್ಟ ನಿಮಗೆ ಬೇಡ. ನನ್ನ ಮಗಳು ಹೇಳಿದಳು. ನೂರಿಪ್ಪತ್ತು ಜನರ ಮುಂದೆ ಮೈಕ್ ಹಿಡಿದು ಮಾತಾಡಿದವಳು ತಾಯಿಗೆ ಕದ್ದುಮುಚ್ಚಿ ಏಕೆ ಬರೆಯುತ್ತಾಳೆ? ಈ ಕಾಗದ ನಿಮ್ಮ ಕೈಸೇರುವ ದಿನ ಇದರದೇ ನಕಲು ಕಾರ್ಖಾನೆಗಳನ್ನು ತಪಾಸಣೆ ಮಾಡುವ ಅಧಿಕಾರಿಯ ಕೈಯಲ್ಲೂ ಇರುತ್ತದೆ. ಗಿಣಿಯೆಂದು ನಾವು ಕರೆಯುತ್ತಿದ್ದ ಗೆಳತಿ ತನ್ನದೂ ಒಂದು ಪುಟವನ್ನು ಅದಕ್ಕೆ ಸೇರಿಸಿದ್ದಾಳೆ. ಎಡಗೈಯಲ್ಲಿ ಬರೆದದ್ದು, ಆದರೂ ಓದಲು ಬರುತ್ತದೆ.

ನನ್ನ ಸಹಿ ಬೇಕು ಎಂದು ಅಷ್ಟು ದೂರದಿಂದ ಆಳು ಕಳಿಸಿದ್ದಿರಿ. ಇಗೋ, ಕೆಳಗೆ ಹಾಕಿದ್ದೇನೆ.

ನಿಮ್ಮ ಎರಡನೇ ರೋಲರ್‌ನಲ್ಲಿ ಒಂಬತ್ತು ವರ್ಷ ದುಡಿದವಳು